ಬೋಣಿಯ ಹೊತ್ತು

ಇವತ್ತು ಬೆಳಿಗ್ಗೆ ಹಾಲು ತೆಗೆಯಲೆಂದು ಫ್ರಿಜ್ ತೆರೆದವಳು, ಯಾಕೋ ಕೆಳಗಿನ ಕಾಯಿಪಲ್ಯೆಯ ಟ್ರೇಯನ್ನೂ ಎಳೆದೆ. ಹಿಂದಿನ ಮೂಲೆಯಲ್ಲಿ, ಕರಿಬೇವಿನ ಒಣಕಡ್ಡಿಗಳ ಕೆಳಗೆ, ಒಂದು ಹಾಗಲಕಾಯಿ ಉಳಿದುಕೊಂಡಿತ್ತು. ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಬಿರಿದು ಹೋಗಿತ್ತು. ಒಳಗೆ ಕುಂಕುಮದಲ್ಲಿ ಅದ್ದಿ ತೆಗೆದಂಥ ಕೆಂಪು ಬೀಜಗಳು. ಹಾಗಲಕಾಯಿ ಹಣ್ಣಾದರೆ ಇಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಾದದ್ದು ಈಚಿನ ಕೆಲವು ತಿಂಗಳಲ್ಲಿ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಯಾವ ಹಾಗಲಕಾಯಿಯೂ ಹಣ್ಣಾಗುವಷ್ಟು ದಿನ ಉಳಿದದ್ದಿಲ್ಲ.

ಇವತ್ತು ಗುರುವಾರ. ನಿಮ್ಮ ಮನೆಯಲ್ಲಿ ರವಿವಾರಕ್ಕೆ ಇರುವ ಮರ್ಯಾದೆ ನಮ್ಮ ಮನೆಯಲ್ಲಿ ಗುರುವಾರಕ್ಕೆ. ಪುಣೆಯ ಹತ್ತಿರದ ಭೋಸರಿಯ ಕಾರಖಾನೆಗಳಿಗೆ ಅವತ್ತು ಸೂಟಿ. ನಮ್ಮವರು ಅಲ್ಲಿ ಒಂದು ಕಾರಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಇಡೀ ನೌಕರಿ ಮುಗಿಸಿದವರು. ಗುರುವಾರ ಬೆಳಿಗ್ಗೆ ಮಗಳು ಶಾಲೆಗೆ ಹೋಗುತ್ತಿದ್ದಳು, ಮೇಲಿನ ಮನೆಯವರು ಆಫೀಸಿಗೆ ಓಡುತ್ತಿದ್ದರು, ಕೆಳಗೆ ಸದಾಶಿವ ಪೇಠೆಯ ಕ್ಲಾಸುಗಳಿಗೆ ಹುಡುಗರು ಸ್ಕೂಟರಿನ ಮೇಲೆ ಮೂರು ಮೂರು ಜನ ಹೋಗುತ್ತಿದ್ದರು. ನಾವಿಬ್ಬರು ಮಾತ್ರ ಒಂದು ಕೈಚೀಲ ಹಿಡಿದುಕೊಂಡು ಆರಾಮಾಗಿ ಕಾಯಿಪಲ್ಯೆಯ ಬಾಜಾರಿಗೆ, ಮಂಡಈಯ ಕಡೆಗೆ. ಊರೆಲ್ಲ ಕೆಲಸಕ್ಕೆ ಹೊರಟಿರುವಾಗ ಹೀಗೆ ಸೂಟಿಯ ಮುಖ ಹೊತ್ತು ನಡೆಯಲು ನನಗೆ ನಾಚಿಕೆ. ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಗೋಡೆಯ ಪಕ್ಕ ಪಕ್ಕ ನಡೆಯುತ್ತಿದ್ದೆ. "ಯಾಕ ಹೀಂಗ ಕಳ್ಳರಂಗ ನಡೀತಿ? ನಾವೇನು ಯಾರ ಮನಿ ಕಾಯಿಪಲ್ಯೆ ಕದಿಯಾಕ ಹೊಂಟೀವೇನು?" ಎಂದು ನಮ್ಮವರು ನಡುರಸ್ತೆಯಲ್ಲಿ, ವಿಜಾಪುರದ ದೊಡ್ಡ ದನಿಯಲ್ಲಿ ಕೇಳುತ್ತಿದ್ದರು.

ಮಂಡಈಯನ್ನು ನೀವು ನೋಡಿರಬಹುದು. ಕಪ್ಪು ಕಲ್ಲಿನ ಹಳೆಯ ಕಟ್ಟಡ, ನಡುವೆ ಎಂಟು ಮೂಲೆಯ ಎತ್ತರದ ಗೋಪುರ, ಚೂಪಾದ ಛಾವಣಿ, ಕಮಾನುಗಳು. ಈಗ ಪಕ್ಕದಲ್ಲೇ ಮೆಟ್ರೋ ಬಂದಿದೆ. ಆದರೆ ಒಳಗೆ ಕಾಲಿಟ್ಟರೆ ಅದೇ ತಂಪು, ಅದೇ ಮಬ್ಬು, ಒದ್ದೆ ಗೋಣಿಯ ಅದೇ ವಾಸನೆ. ಬೆಳಗಾವಿಯಲ್ಲಿ ನಾನು ಕಲಿತ ಕಾನ್ವೆಂಟಿನ ಚಾಪೆಲ್ಲು ಹೆಚ್ಚುಕಡಿಮೆ ಹೀಗೆಯೇ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಸಲ ಒಳಗೆ ಹೋದಾಗ ನಾನು ತಲೆ ತಗ್ಗಿಸಿ, ದನಿ ಇಳಿಸಿ, ಬದನೆಕಾಯಿಯ ದರವನ್ನು ಪಿಸುಮಾತಿನಲ್ಲಿ ಕೇಳಿದೆ. ಅಂಗಡಿಯವನು ಕಿವಿ ಮುಂದೆ ಮಾಡಿ, ಏನು ಎಂಬಂತೆ, "ಕಾಯ್? ಕಾಯ್?" ಎಂದ. ಮತ್ತೊಮ್ಮೆ ಪಿಸುಗುಟ್ಟಿದೆ. ಅವನು ಪಕ್ಕದವನಿಗೆ ಮರಾಠಿಯಲ್ಲಿ, ಈ ಹೆಂಗಸಿಗೆ ಗಂಟಲು ಕಟ್ಟಿದೆ, ಶುಂಠಿ ಕೊಡು ಎಂದು ಹೇಳಿದ. ನಮ್ಮವರು ಕಮಾನಿಗೆ ಒರಗಿ ನಿಂತು ನಕ್ಕ ನಗೆ ಇನ್ನೂ ಆ ಛಾವಣಿಯಲ್ಲೆಲ್ಲೋ ಸಿಕ್ಕಿಕೊಂಡಿರಬೇಕು.

ಒಳಗೆ ಮಾರುವವರು ನೆಲದ ಮೇಲೆ ಕೂಡುವುದಿಲ್ಲ. ಎತ್ತರದ ಕಟ್ಟೆಗಳ ಮೇಲೆ, ಕಾಯಿಪಲ್ಯೆಯ ರಾಶಿಗಳ ನಡುವೆ, ತಲೆಯ ಮೇಲೊಂದು ಬಲ್ಬು ತೂಗಿಸಿಕೊಂಡು ಕೂತಿರುತ್ತಾರೆ. ಕೊಳ್ಳುವವರು ಕತ್ತೆತ್ತಿ ಮಾತಾಡಬೇಕು. ಆ ಕಟ್ಟೆಗಳನ್ನು ಗಾಳಾ ಎನ್ನುತ್ತಾರೆ. ಅಂಥ ಒಂದು ಗಾಳಾದ ಮೇಲಿಂದ ಒಂದು ದಿನ, "ಹೋಗ್ತೀಯೋ ಇಲ್ಲೋ, ನಿನ್ನ ಹೊಟ್ಟೀಗೆ ಬೆಂಕಿ ಹಾಕ!" ಎಂಬ ಬೈಗಳು ಕೇಳಿಸಿತು. ಕೋಸಿನ ಎಲೆಗೆ ಬಾಯಿ ಹಾಕಿದ ಆಕಳಿಗೆ ಹೇಳಿದ್ದು. ನಮ್ಮವರು ತವರಿನವರು ಕರೆದಷ್ಟು ಖುಷಿಯಿಂದ ಅತ್ತ ತಿರುಗಿದರು. ಹಾಗೆ ಸಿಕ್ಕವಳು ನಿಂಗವ್ವ. ಅಕ್ಕಲಕೋಟೆಯ ಕಡೆಯವಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿ, ಮಗನನ್ನು ಸೊಂಟಕ್ಕೆ ಕಟ್ಟಿಕೊಂಡು ಪುಣೆಗೆ ಬಂದವಳು. ಮರಾಠಿಯಲ್ಲಿ ವ್ಯಾಪಾರ ಮಾಡಿ ಕನ್ನಡದಲ್ಲಿ ಬೈಯುತ್ತಿದ್ದಳು. ಕಾಯಿಪಲ್ಯೆ ಚೀಲಕ್ಕೆ ಹಾಕಿದ ಕೂಡಲೇ ನಾನು ಥ್ಯಾಂಕ್ಯೂ ಎನ್ನುತ್ತಿದ್ದೆ. ನಮ್ಮ ಸಿಸ್ಟರುಗಳು ಹಾಕಿಕೊಟ್ಟ ರೂಢಿ, ಏನು ಮಾಡಿದರೂ ಬಿಡದು. ಅದನ್ನು ಕೇಳಿ ಕೇಳಿ ನಿಂಗವ್ವ ನನಗೆ "ಥ್ಯಾಂಕ್ಯೂ ಅಕ್ಕಾರ" ಎಂದು ಹೆಸರಿಟ್ಟಳು. ಅವಳಿಗೆ ನನ್ನ ನಿಜವಾದ ಹೆಸರು ಇವತ್ತಿಗೂ ಗೊತ್ತಿಲ್ಲ.

ಇನ್ನು ಬೋಣಿಯ ಮಾತು. ದಿನದ ಮೊದಲ ವ್ಯಾಪಾರ, ಅದರ ಮೇಲೆ ಇಡೀ ದಿನದ ವ್ಯಾಪಾರ ನಿಂತಿದೆ ಎಂಬ ನಂಬಿಕೆ ನಿಮಗೂ ಗೊತ್ತಿರುವುದೇ. ಒಮ್ಮೆ ನಮ್ಮವರು ರಾತ್ರಿ ಪಾಳಿ ಮುಗಿಸಿ, ಕಂಪನಿಯ ಬಸ್ಸು ಸ್ವಾರಗೇಟಿನಲ್ಲಿ ಇಳಿಸಿದ ಮೇಲೆ, ಮನೆಗೆ ಬರುವ ಬದಲು ನೇರ ಮಂಡಈಗೆ ಹೋಗಿ ಹಾಗಲಕಾಯಿ ಕೇಳಿದ್ದರಂತೆ. ನಿಂಗವ್ವನ ಬೋಣಿ ಇನ್ನೂ ಆಗಿರಲಿಲ್ಲ. "ಬೋಣಿಗೆ ಕಹಿ ಬ್ಯಾಡ್ರಿ ಸಾಹೇಬ್ರ, ಬದನಿಕಾಯಿ ಒಯ್ರಿ," ಎಂದಳಂತೆ. ನಮ್ಮವರಿಗೆ ಹಾಗಲಕಾಯಿ ಎಂದರೆ ಪ್ರಾಣ. ಹುಣಸೆಹಣ್ಣು ಬೆಲ್ಲ ಹಾಕಿ ಎಣಗಾಯಿ ಮಾಡಿಟ್ಟರೆ ರೊಟ್ಟಿಯ ಲೆಕ್ಕ ತಪ್ಪುತ್ತಿದ್ದರು. ಹಟ ಹಿಡಿದು ಹಾಗಲಕಾಯನ್ನೇ ತಂದರು. ಆವತ್ತು ಮಧ್ಯಾಹ್ನದೊಳಗೆ ನಿಂಗವ್ವನ ಗಾಳಾ ಖಾಲಿ. ಅಲ್ಲಿಂದ ಮುಂದೆ ಗುರುವಾರ ಬೆಳಿಗ್ಗೆ ಸಾಹೇಬರು ಬರುವವರೆಗೆ ಅವಳು ಯಾರಿಗೂ ಒಂದು ಮೆಣಸಿನಕಾಯಿಯನ್ನೂ ಕೊಡುತ್ತಿರಲಿಲ್ಲ. ಗಿರಾಕಿಗಳಿಗೆ, "ಥಾಂಬಾ, ಥಾಂಬಾ," ಎಂದು ಕೈ ಅಡ್ಡ ಹಿಡಿಯುವುದು. ಒಬ್ಬ ಹೆಂಗಸಂತೂ, ಇವರೇನು ಕಲೆಕ್ಟರೇ ಎಂದು ಜಗಳವನ್ನೇ ತೆಗೆದಿದ್ದಳು. ನಮ್ಮವರು ಆ ದಿನವೆಲ್ಲ ಮನೆಯಲ್ಲಿ ತಮ್ಮ ಅಂಗೈ ನೋಡಿಕೊಳ್ಳುತ್ತ ಓಡಾಡಿದರು. ನಾನು ಹೇಳಿದೆ: "ನಿಮ್ಮ ಕೈಗುಣ ಏನೂ ಅಲ್ಲ. ಅಕಿ ಹೇಳಿದ ದರಕ್ಕ ಬಾಯಿ ಮುಚಗೊಂಡು ರೊಕ್ಕಾ ಕೊಡ್ತೀರಿ. ಅಂಥಾ ಕೈ ಯಾರಿಗೆ ಬ್ಯಾಡ?" ಅವರು ಅಂಗೈ ಮುಚ್ಚಿ ಕಿಸೆಗೆ ಹಾಕಿಕೊಂಡರು.

ನನಗೆ ಹಾಗಲಕಾಯಿ ಸೇರುವುದಿಲ್ಲ. ಮಾಡಿ ಬಡಿಸುತ್ತಿದ್ದೆ, ನನ್ನ ತಟ್ಟೆಗೆ ಮಾತ್ರ ಇಲ್ಲ.

ಹೋದ ಶ್ರಾವಣದಲ್ಲಿ ಅವರು ಹೋದರು. ಎದೆ ನೋವೆಂದು ಕುರ್ಚಿಯ ಮೇಲೆ ಕೂತವರು, ಆಸ್ಪತ್ರೆ ಮುಟ್ಟುವ ಮೊದಲೇ. ಮಗಳು ನಾಗಪುರದಿಂದ ಬಂದಳು, ಇದ್ದಳು, ಮಕ್ಕಳ ಪರೀಕ್ಷೆ ಎಂದು ಹೋದಳು. ಹೋಗುವಾಗ, "ಮಮ್ಮಿ, ಹಣೆಯ ಮ್ಯಾಲಿನ ಟಿಕಲಿ ತಗೀಬ್ಯಾಡ, ನನ್ನ ಆಣಿ," ಎಂದಳು. ತೆಗೆಯಲಿಲ್ಲ. ನಮ್ಮ ಕಟ್ಟಡದ ಜನ ಒಳ್ಳೆಯವರು. ಲಿಫ್ಟಿನಲ್ಲಿ ಸಿಕ್ಕರೆ ದನಿ ತಗ್ಗಿಸುತ್ತಿದ್ದರು, ಫೋನಿನಲ್ಲಿ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ನಾನೂ ಕೈಮುಗಿದ ಚಿತ್ರವನ್ನೇ ತಿರುಗಿ ಕಳಿಸುತ್ತಿದ್ದೆ. ಅತ್ತರೂ ಕರವಸ್ತ್ರ ಒತ್ತಿ ಹಿಡಿದು ಅಳಬೇಕು ಎಂದು ಕಲಿತವಳು ನಾನು. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ದನಿಯ ಮನುಷ್ಯ ಹೋದದ್ದಕ್ಕೆ ಯಾರೂ ದನಿ ಎತ್ತಲಿಲ್ಲ.

ಮಗಳು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಒತ್ತಿದರೆ ಕಾಯಿಪಲ್ಯೆ ಬಾಗಿಲಿಗೆ ಬರುತ್ತಿತ್ತು. ಕೆಲವು ವಾರ ಹಾಗೇ ನಡೆಯಿತು. ಆಮೇಲೆ ಒಂದು ಗುರುವಾರ ಕಾಲುಗಳೇ ಮಂಡಈಗೆ ಕರೆದುಕೊಂಡು ಹೋದವು. ನಿಂಗವ್ವ ಮೇಲಿಂದ ಕಂಡವಳೇ, "ಎಲ್ಲಿ ಹೋಗಿದ್ರಿ ಇಷ್ಟು ದಿನಾ? ಸಾಹೇಬ್ರೆಲ್ಲಿ?" ಎಂದು ಕೂಗಿದಳು. ಅವಳ ದನಿಯಲ್ಲಿ ಅವರು ಇನ್ನೂ ಇದ್ದರು, ಹಿಂದೆ ಚೀಲ ಹಿಡಿದು ಬರುತ್ತಿದ್ದರು. "ಮೊಣಕಾಲು ನೋವು," ಎಂದುಬಿಟ್ಟೆ. ಯಾಕೆ ಎಂದು ಕೇಳಬೇಡಿ. ಅವಳು ಲಗುಬಗೆಯಿಂದ ಎಳೆಯ ಹಾಗಲಕಾಯಿ ಆರಿಸಿ ಚೀಲಕ್ಕೆ ಹಾಕಿ, "ಬಿಸಿ ಎಣ್ಣಿ ಹಚ್ಚಿ ತಿಕ್ಕರಿ, ಗಂಡಸರಿಗೆ ತಾವ ತಿಕ್ಕೊಳ್ಳಾಕ ಬರೂದಿಲ್ಲ," ಎಂದಳು. "ಹೂಂ, ತಿಕ್ಕತೀನಿ," ಎಂದೆ. ವಾಪಸು ಬರುವಾಗ ಬಹಳ ದಿನಗಳ ಮೇಲೆ ನನ್ನ ನಡಿಗೆ ಹಗುರವಾಗಿತ್ತು.

ಅಲ್ಲಿಂದ ವಾರವಾರವೂ ಹೋದೆ. ವಾರವಾರವೂ ಹಾಗಲಕಾಯಿ ತಂದೆ. ದೀಪಾವಳಿಗೆ ಅವರ ಮೊಣಕಾಲು ಸುಧಾರಿಸಿತು, ಸಂಕ್ರಾಂತಿಗೆ ಥಂಡಿಗೆ ಮತ್ತೆ ಹೆಚ್ಚಾಯಿತು. ಇಷ್ಟು ದೊಡ್ಡ ಊರಿನಲ್ಲಿ ಅವರು ಬದುಕಿದ್ದ ಜಾಗ ಅದೊಂದೇ ಗಾಳಾ. ಕಾಯಿಗಳು ಮಾತ್ರ ಟ್ರೇಯಲ್ಲಿ ಹಣ್ಣಾಗಿ ಬಿರಿಯುತ್ತಿದ್ದವು.

ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೆ, ಬೋಣಿಯ ಹೊತ್ತಿಗೆ ಹೋಗುತ್ತಿರಲಿಲ್ಲ. ಎಚ್ಚರವಾಗುವುದೇನೋ ನಸುಕಿನಲ್ಲಿ. ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಸೀರೆ ಉಟ್ಟು ತಯಾರಾಗಿ, ಕುರ್ಚಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದೆ. ಬಿಸಿಲು ಎದುರಿನ ಹಳೆಯ ವಾಡೆ ಮನೆಯ ಗೋಡೆ ಇಳಿದು ನಮ್ಮ ಗ್ಯಾಲರಿಯ ಸರಳುಗಳಿಗೆ ತಾಗುವವರೆಗೆ. ಅಷ್ಟು ಹೊತ್ತಿಗೆ ಮಂಡಈಯಲ್ಲಿ ಎಲ್ಲರ ಬೋಣಿಯೂ ಆಗಿರುತ್ತದೆ.

ಇದಕ್ಕೆ ಕಾರಣ ನನ್ನ ಸೋದರತ್ತೆ. ಬೆಳಗಾವಿಯಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಗಂಡನನ್ನು ನಾನು ನೋಡಿಲ್ಲ, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಬೆಳಿಗ್ಗೆ ಬಾಜಾರಿಗೆ ಹೊರಟರೆ ನನ್ನ ಕೈಹಿಡಿದು ಕರೆದುಕೊಂಡು ಹೋಗುವಳು. ಅಂಗಡಿ ಹತ್ತಿರ ಬರುತ್ತಲೇ ತಾನು ಹಿಂದೆ ನಿಂತು, "ನೀ ಮೊದಲ ಹೋಗು ಪುಟ್ಟಿ, ಒಂದು ಲಿಂಬಿಹಣ್ಣು ತೊಗೊಂಡು ಬಾ," ಎನ್ನುವಳು. ನಾನು ರಾಣಿಯಂತೆ ಮುಂದೆ ಹೋಗಿ ಲಿಂಬೆಹಣ್ಣು ಕೊಳ್ಳುತ್ತಿದ್ದೆ. ಆಮೇಲೆ ಅವಳು ಬಂದು ಉಳಿದದ್ದು ಕೊಳ್ಳುವಳು. ಅತ್ತೆಗೆ ನನ್ನ ಮೇಲೆ ಎಷ್ಟು ಪ್ರೀತಿ, ಯಾವಾಗಲೂ ನನಗೇ ಮೊದಲ ಸರತಿ ಕೊಡುತ್ತಾಳೆ ಎಂದು ಶಾಲೆಯಲ್ಲಿ ಗೆಳತಿಯರ ಮುಂದೆ ಹೇಳಿಕೊಂಡೂ ಇದ್ದೆ. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಅವಳು ಯಾಕೆ ಹಿಂದೆ ನಿಲ್ಲುತ್ತಿದ್ದಳು ಎಂಬುದು ನನಗೆ ಹೊಳೆದದ್ದು, ನಾನೇ ಚೀಲ ತೊಡೆಯ ಮೇಲಿಟ್ಟುಕೊಂಡು ಬಿಸಿಲು ಕಾಯತೊಡಗಿದ ಮೇಲೆ. ನನಗೆ ಮುಂದೆ ಕಳಿಸಲು ಪುಟ್ಟಿಯೂ ಇರಲಿಲ್ಲ.

ಹೀಗಿರುವಾಗ ಫಾಲ್ಗುಣದ ಕೊನೆಗೆ ನಿಂಗವ್ವ ಗಾಳಾದಿಂದ ಬಗ್ಗಿ ನನ್ನ ಕೈ ಹಿಡಿದಳು. ಪಕ್ಕದ ಗಾಳಾ ಖಾಲಿಯಾಗಿದೆ, ಸೊಸೆ ಸುರೇಖಾ ಅಲ್ಲಿ ಲಿಂಬೆ, ಶುಂಠಿ, ಹಸಿಮೆಣಸಿನಕಾಯಿ ಇಟ್ಟುಕೊಂಡು ಬೇರೆ ಅಂಗಡಿ ಸುರು ಮಾಡುತ್ತಾಳೆ, ಯುಗಾದಿ ಪಾಡವಾದ ದಿನ ಮುಹೂರ್ತ. "ಬೋಣಿ ಸಾಹೇಬ್ರದ್ದ. ರಿಕ್ಷಾದಾಗ ಕುಂದ್ರಿಸಿಕೊಂಡು ಕರಕೊಂಡು ಬರ್ರಿ. ಮೆಟ್ಟಲಾ ಹತ್ತಾಕ ನನ್ನ ಮಗ ಕೈ ಹಿಡಿತಾನ. ಇಲ್ಲಾ ಅನಬ್ಯಾಡ್ರಿ ಅಕ್ಕಾರ."

ನಾನು ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಥ್ಯಾಂಕ್ಯೂ ಎಂದೆ.

ಹೋಗದೆ ಇದ್ದುಬಿಡಬಹುದಿತ್ತು. ಆದರೆ ಅವಳು ಕೈ ಅಡ್ಡ ಹಿಡಿದು, ಥಾಂಬಾ ಥಾಂಬಾ ಎನ್ನುತ್ತ, ಹಬ್ಬದ ದಿನ ಬಂದ ಗಿರಾಕಿಗಳನ್ನೆಲ್ಲ ನಿಲ್ಲಿಸಿಕೊಂಡು, ಬರಲಾರದವರ ದಾರಿ ನೋಡುತ್ತ ಕೂತಿರುತ್ತಾಳಲ್ಲ, ಅದು ಕಣ್ಣಿಗೆ ಕಟ್ಟಿತು. ಪಾಡವಾದ ಬೆಳಿಗ್ಗೆ, ಮನೆಗಳ ಕಿಟಕಿಗಳಲ್ಲಿ ಕೋಲಿಗೆ ರೇಶ್ಮೆ ಬಟ್ಟೆ ಕಟ್ಟಿ ಗುಡಿ ಏರಿಸುತ್ತಿದ್ದ ಹೊತ್ತಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದು ಬಾಯಿಪಾಠ ಮಾಡಿದೆ. ಇಂಗ್ಲಿಷಿನಲ್ಲಿ ಸುಲಭವಾಗಿತ್ತು, ಮರಾಠಿಯಲ್ಲೂ ಹೇಳಬಹುದಿತ್ತು. ಕನ್ನಡದಲ್ಲಿ ನಾನು ಆ ಮಾತನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಹೊಸ ಗಾಳಾಕ್ಕೆ ಚೆಂಡು ಹೂವಿನ ಮಾಲೆ ಹಾಕಿದ್ದರು. ಸುರೇಖಾ ಹೊಸ ಸೀರೆಯಲ್ಲಿ ಕೂತಿದ್ದಳು. ಲಿಂಬೆಹಣ್ಣುಗಳು ಒಂದೊಂದೂ ಒರೆಸಿಟ್ಟಂತೆ ಹೊಳೆಯುತ್ತಿದ್ದವು. ಅವುಗಳ ಮುಂದೆ ಬಾಳೆಎಲೆಯ ತುಂಡಿನ ಮೇಲೆ ನಿಂಗವ್ವ ಕೆಲವು ಹಾಗಲಕಾಯಿ ಜೋಡಿಸಿ, ಮೇಲೆ ಕುಂಕುಮ ಇಟ್ಟಿದ್ದಳು. ಲಿಂಬೆಯ ಅಂಗಡಿಯಲ್ಲಿ ಅವಕ್ಕೇನು ಕೆಲಸ? ಸಾಹೇಬರಿಗೆಂದು ಇಟ್ಟದ್ದು.

ನಿಂಗವ್ವ ನನ್ನ ಹಿಂದೆ ನೋಡಿದಳು. "ಸಾಹೇಬ್ರು ರಿಕ್ಷಾದಾಗ ಅದಾರೇನ್ರಿ? ಮಗನ್ನ ಕಳಸ್ಲೇನು?"

"ನಿಂಗವ್ವಾ," ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಸಾಹೇಬ್ರು ತೀರಿಕೊಂಡ್ರು."

"ಯಾವಾಗ?" ಅವಳ ಕೈ ತಕ್ಕಡಿಯ ಮೇಲೇ ನಿಂತಿತ್ತು.

"ಶ್ರಾವಣದಾಗ."

ಅವಳು ನನ್ನ ಕೈಯ ಚೀಲ ನೋಡಿದಳು. ಆಮೇಲೆ ನಿಧಾನವಾಗಿ, "ದೀಪಾವಳಿಗೆ ಹಾಗಲಕಾಯಿ ಒಯ್ದ್ರಿ. ಸಂಕ್ರಾಂತಿಗೆ ಒಯ್ದ್ರಿ. ನಾನಽ ಎಳೀವು ಆರಿಸಿ ಕೊಟ್ಟೀನಿ. ಯಾರು ತಿಂದ್ರು?"

"ಯಾರೂ ತಿಂದಿಲ್ಲ. ನನಗ ಸೇರೂದಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ನಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತಲ್ಲೇ ಎದೆ ಬಡಿದುಕೊಂಡು, "ಅಯ್ಯ ನನ್ನ ಸಾಹೇಬಾ! ಕಹೀನ ಸಿಹಿ ಮಾಡಿಕೊಂಡು ಉಂಡ್ಯಲ್ಲೋ ನನ್ನಪ್ಪಾ! ಹೇಳದಽ ಹೊಂಟ್ಯಲ್ಲೋ!" ಎಂದು ಊರ ಕಡೆ ಅಳುವ ಹಾಗೆ ರಾಗ ತೆಗೆದು ಅತ್ತಳು. ಮಂಡಈಯ ಆ ಸಾಲೆಲ್ಲ ಒಮ್ಮೆ ನಿಂತಿತು. ಅಷ್ಟು ಎತ್ತರದ ಛಾವಣಿಯ ತನಕ ಆ ದನಿ ಹೋಯಿತು. ನಾನು ಚೀಲ ಹಿಡಿದು ಕೆಳಗೆ ನಿಂತಿದ್ದೆ. ಕರವಸ್ತ್ರ ಎಲ್ಲಿದೆಯೆಂದು ಹುಡುಕಲಿಲ್ಲ.

ಸುರೇಖಾಳ ಮುಖ ಸಣ್ಣದಾಗಿತ್ತು. "ಆತ್ಯಾ, ಆಜ್ ಸಣ್ ಆಹೆ," ಎಂದು ಅತ್ತೆಗೆ ಇವತ್ತು ಹಬ್ಬವೆಂದು ನೆನಪು ಮಾಡಿದಳು. ಅವಳ ತಪ್ಪೇನಿದೆ ಹೇಳಿ? ಹೊಸ ಅಂಗಡಿ, ಹೊಸ ವರ್ಷ, ಮುಂದೆ ಇಂಥ ಅಳು. ನನ್ನ ಕಡೆ ನೋಡದೆ, ಆ ಕಡೆಯಿಂದ ಹಸಿರು ಬಳೆ ತೊಟ್ಟು ಬರುತ್ತಿದ್ದ ಹೆಂಗಸೊಬ್ಬಳನ್ನು ಕರೆದಳು. ಆಕೆ ಲಿಂಬೆಹಣ್ಣು ಕೊಂಡಳು. ಸುರೇಖಾ ನೋಟನ್ನು ಹಣೆಗೆ ಒತ್ತಿಕೊಂಡು ರೊಕ್ಕದ ಗಲ್ಲೆಗೆ ಹಾಕಿದಳು. ಅಷ್ಟರಲ್ಲಿ ನಾನು ನನಗೇ ಗೊತ್ತಿಲ್ಲದಂತೆ ಹಿಂದೆ ಸರಿದು ಕಲ್ಲಿನ ಕಂಬದ ಮರೆಗೆ ನಿಂತಿದ್ದೆ. ಕಂಬ ಬೆನ್ನಿಗೆ ತಣ್ಣಗೆ ಹತ್ತಿದಾಗ ನನ್ನ ಸೋದರತ್ತೆಯ ನೆನಪಾಯಿತು. ಅವಳೂ ಹೀಗೆಯೇ ಯಾವುದಾದರೊಂದು ಕಂಬ ಹುಡುಕಿ ನಿಲ್ಲುತ್ತಿದ್ದಳು.

"ಥ್ಯಾಂಕ್ಯೂ ಅಕ್ಕಾರ!" ನಿಂಗವ್ವ ಕೂಗಿದಳು. ದನಿ ಇನ್ನೂ ಒಡಕಾಗಿತ್ತು. "ಎಲ್ಲಿ ಅಡಕೊಂಡೀರಿ? ಬರ್ರಿ ಮುಂದ."

ಹೋದೆ.

"ಅಕಿ ಅಂಗಡಿ, ಅಕಿ ಇಷ್ಟ. ಅಕಿದು ಆತು. ನಂದು ಇನ್ನೂ ಆಗಿಲ್ಲ. ತೊಗೊರ್ರಿ."

"ಬ್ಯಾಡ ನಿಂಗವ್ವಾ. ಹಬ್ಬದ ದಿನಾ. ಬ್ಯಾರೆ ಯಾರರೆ..."

"ಯಾಕ? ನನ್ನ ಹಣಿ ಮ್ಯಾಲೆ ಕುಂಕುಮ ಅದ ಏನು? ದಿನಾ ಈ ಅಂಗಡಿ ಯಾರು ತಗೀತಾರ? ಸುಮ್ನ ಏನ್ ಬೇಕು ಹೇಳ್ರಿ. ಹಿಂದ ಮಂದಿ ನಿಂತಾರ."

ಏನು ಬೇಕು? ಅಷ್ಟು ಬಣ್ಣದ ರಾಶಿಗಳ ಮುಂದೆ ನಿಂತು ನಾನು ಹೊಸಬಳ ಹಾಗೆ ತಬ್ಬಿಬ್ಬಾದೆ. ಮಗಳಿಗೆ ಬಟಾಟೆ, ಅವರಿಗೆ ಹಾಗಲಕಾಯಿ ಎಂದು ಇಷ್ಟು ವರ್ಷ ಚೀಲ ತುಂಬಿದವಳು. ಹಿಂದಿನವರು ಕೆಮ್ಮಿದರು. ಕೊನೆಗೆ ಒಂದು ಮೂಲೆಯಲ್ಲಿ ಚವಳಿಕಾಯಿ ಕಂಡಿತು. ಸೋದರತ್ತೆ ಶೇಂಗಾಪುಡಿ ಹಾಕಿ ಮಾಡುತ್ತಿದ್ದಳು. ನಮ್ಮವರಿಗೆ ಸೇರುತ್ತಿರಲಿಲ್ಲ, ಹಾಗಾಗಿ ಮದುವೆಯಾದ ಮೇಲೆ ನಾನದನ್ನು ತಂದೇ ಇರಲಿಲ್ಲ.

"ಚವಳಿಕಾಯಿ. ಪಾವ್ ಕಿಲೊ," ಎಂದೆ. ಅವಳು ದರ ಹೇಳಿದಳು. "ಅಯ್ಯ, ಇಷ್ಟ್ಯಾಕ? ಬಲತಾವು ಇವು, ಕಡಿಮಿ ಮಾಡು," ಎಂದು ಬಾಯಿ ತಾನಾಗಿಯೇ ಅಂದುಬಿಟ್ಟಿತು.

ನಿಂಗವ್ವ ತಕ್ಕಡಿ ಕೆಳಗಿಟ್ಟಳು. "ಬೋಣಿ ಹೊತ್ತಿನಾಗ ಚೌಕಾಶಿ! ಸಾಹೇಬ್ರು ಒಂದ ದಿನಾನೂ ಹೀಂಗ ಮಾಡಿದ್ದಿಲ್ಲ!" ಎಂದು, ಕಣ್ಣೀರು ಇನ್ನೂ ಆರದ ಮುಖದಲ್ಲೇ ನಕ್ಕಳು. ನನಗೂ ನಗು ಬಂತು. ಅವಳು ಕಡಿಮೆ ಮಾಡಲಿಲ್ಲ, ನಾನೂ ಅಷ್ಟೇ ಕೊಟ್ಟೆ. ನೋಟನ್ನು ಕಣ್ಣಿಗೊತ್ತಿಕೊಂಡಳು. ಹೊರಡುವಾಗ ನೋಡಿದರೆ, ಕುಂಕುಮ ಇಟ್ಟ ಹಾಗಲಕಾಯಿಗಳನ್ನು ಎಲೆ ಸಮೇತ ತನ್ನ ಬುತ್ತಿಯ ಡಬ್ಬಿಯ ಪಕ್ಕಕ್ಕೆ ಸರಿಸಿಟ್ಟುಕೊಳ್ಳುತ್ತಿದ್ದಳು. "ಇವು ನಾ ಉಣ್ಣತೀನಿ. ಎಣಗಾಯಿ ಹೆಂಗ ಮಾಡತಿದ್ರಿ ಹೇಳಿ ಹೋಗ್ರಿ," ಎಂದಳು. ಹೇಳಿದೆ. ಬೆಲ್ಲ ಸ್ವಲ್ಪ ಹೆಚ್ಚೇ ಹಾಕು ಎಂದೂ ಹೇಳಿದೆ.

ಆವತ್ತು ಮನೆಗೆ ಬಂದು ಕುರ್ಚಿಯ ಮೇಲೆ ಕೂತೆ. ಬಿಸಿಲು ಗ್ಯಾಲರಿಗೆ ಬಂದಿರಲಿಲ್ಲ. ಈಗ ಅವರು ಎಲ್ಲೂ ಇಲ್ಲ ಎನಿಸಿತು. ಪಾವ್ ಕಿಲೊ ಚವಳಿಕಾಯಿ ಟ್ರೇಯ ತಳವನ್ನೂ ಮುಚ್ಚಲಿಲ್ಲ. ಅದನ್ನೇ ಸೋಸುತ್ತ ಸಂಜೆಯ ತನಕ ಕೂತಿದ್ದೆ.

ಅದಾದ ಮೇಲಿನ ಒಂದೆರಡು ಗುರುವಾರ ಹೋಗಲು ಮನಸ್ಸಾಗಲಿಲ್ಲ. ಹೋದ ಗುರುವಾರ ಹೋದೆ, ಬಿಸಿಲು ಕಾದೇ ಹೋದೆ, ಹಳೆಯ ರೂಢಿ. ನಿಂಗವ್ವ ದೂರದಿಂದಲೇ, "ಬಂದ್ರು ನೋಡ್ರಿ ನಮ್ಮ ಬೋಣಿ ಬಾಯಾರು!" ಎಂದು ಪಕ್ಕದವರಿಗೆಲ್ಲ ಕೇಳುವಂತೆ ಕೂಗಿದಳು. ಹತ್ತಿರ ಹೋದ ಮೇಲೆ ಬಗ್ಗಿ, "ಪಾಡವಾದ ದಿನಾ ಸಂಜಿ ತನಕಾ ಅರ್ಧಾ ಮಾಲೂ ಹೋಗಲಿಲ್ಲ. ಮೆಂತೇಪಲ್ಯೆ ಎಲ್ಲಾ ಬಾಡಿ ಹೋತು. ನಿಮ್ಮ ಕೈಗುಣ ಏನೇನೂ ಚೊಲೊ ಇಲ್ಲ ಅಕ್ಕಾರ," ಎಂದಳು.

ನನಗೆ ನೆಲಕ್ಕಿಳಿದು ಹೋದಂತಾಯಿತು. ಸಾರಿ ಎಂದೆ, ಕನ್ನಡ ನೆನಪಾಗಲೇ ಇಲ್ಲ.

"ಹಬ್ಬದಾಗ ಯಾರು ಮೆಂತೆ ತೊಗೋತಾರ, ನಂದಽ ತಪ್ಪು," ಎಂದು ಅವಳು ನಕ್ಕಳು. ಗೋಣಿಯ ಅಂಚು ಸರಿ ಮಾಡುತ್ತ, ನನ್ನ ಕಡೆ ನೋಡದೆ ಹೇಳಿದಳು: "ಆದ್ರೂ ಲಗೂನ ಬರ್ರಿ. ಈ ಹೊತ್ತಿನಾಗ ಬಂದ್ರ ಗದ್ದಲದಾಗ ಮಾತಽ ಆಗೂದಿಲ್ಲ. ನಸುಕಿನಾಗ ನಾ ಒಬ್ಬಾಕೀನ ಕೂತಿರ್ತೀನಿ. ಹಾಗಲಕಾಯಿ ನಾಕು ಸಲ ಮಾಡಿದೆ, ಸಾಹೇಬ್ರು ಹೊಗಳತಿದ್ದ ರುಚಿ ಬರವಲ್ದು."

ಟ್ರೇಯಲ್ಲಿದ್ದ ಆ ಹಣ್ಣನ್ನು ಈಗ ತೆಗೆದು ಹಾಕಿದೆ. ಟ್ರೇ ತೊಳೆದು ಒರೆಸಿ ಇಟ್ಟೆ. ಹುಣಸೆಹಣ್ಣು ಎಷ್ಟು ಹೊತ್ತು ನೆನೆಸಬೇಕು ಎಂಬುದನ್ನು ಅವಳಿಗೆ ಹೇಳಿರಲಿಲ್ಲ, ಅದನ್ನೇ ಬಿಟ್ಟಿರಬೇಕು ಅವಳು. ಎದುರಿನ ವಾಡೆಯ ಗೋಡೆ ಇನ್ನೂ ನೆರಳಿನಲ್ಲಿದೆ, ಗ್ಯಾಲರಿಯ ಸರಳು ಮುಟ್ಟಿದರೆ ತಣ್ಣಗಿದೆ. ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಚಪ್ಪಲಿ ಹಾಕಿಕೊಳ್ಳುತ್ತೇನೆ.